ಒಳ್ಳೆಯ ಪಿಟೀಲು ಯಾರಿಗೆ ಜಾಸ್ತಿ ಬೇಕು?

ಮಗುವಿಗೆ ಪಿಟೀಲು ಕೊಡಿಸುವಾಗ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಈಗ ಸುಮ್ನೆ ಅಗ್ಗದ್ದೊಂದು ಇರಲಿ, ಕಲಿತ ಮೇಲೆ ಒಳ್ಳೆಯದು ತಗೊಳ್ಳೋಣ." ನನ್ನ ಮನೆಯಲ್ಲೂ ಹೀಗೇ ಅಂದಿದ್ದರು. ಆ ಪಿಟೀಲಿನಲ್ಲಿ ತಂತಿ ಬಿಗಿಯುವ ಬಿರಡೆಗಳು ನಿಲ್ಲುತ್ತಿರಲಿಲ್ಲ. ಶ್ರುತಿ ಮಾಡಿ, ಮೊದಲ ಪಾಠವಾದ ಸರಳೆ ವರಸೆಯ ಎರಡು ಸಾಲು ನುಡಿಸುವಷ್ಟರಲ್ಲಿ ಪಂಚಮದ ತಂತಿ ಇಳಿದಿರುತ್ತಿತ್ತು. ಅಪಸ್ವರ ಬಂದರೆ ತಪ್ಪು ಬೆರಳಿನದೋ ತಂತಿಯದೋ ಗೊತ್ತಾಗುತ್ತಿರಲಿಲ್ಲ.

ಅತಿ ದುಬಾರಿ ಪಿಟೀಲುಗಳ ವಿಷಯ ಬೇರೆ. ಸುಮಾರು ಮುನ್ನೂರು ವರ್ಷಗಳ ಹಿಂದೆ ಇಟಲಿಯ ಕ್ರಿಮೋನಾದಲ್ಲಿ ಸ್ಟ್ರಾಡಿವರಿ ಎಂಬ ಕುಶಲಕರ್ಮಿ ಮಾಡಿದ ಪಿಟೀಲುಗಳಿಗೆ ಇಂದು ಕೋಟಿಗಟ್ಟಲೆ ಬೆಲೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಧ್ವನಿ ವಿಜ್ಞಾನಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ತಂಡ 21 ವಾದಕರಿಗೆ ಆ ಕಾಲದ ಮೂರು ಹಳೆಯ, ಮೂರು ಹೊಸ ಪಿಟೀಲು ಕೊಟ್ಟು ನುಡಿಸಲು ಹೇಳಿತು. ಮಂದ ಬೆಳಕಿನ ಕೋಣೆ, ಕಣ್ಣಿಗೆ ವೆಲ್ಡಿಂಗ್ ಕನ್ನಡಕ. ಹಳೇ ಮರದ ವಾಸನೆ ತಿಳಿಯಬಾರದೆಂದು ಗದ್ದ ಇಡುವ ಜಾಗಕ್ಕೆ ಸೆಂಟು. ಹೆಚ್ಚಿನವರು ಮೆಚ್ಚಿದ್ದು ಹೊಸ ಪಿಟೀಲನ್ನು. 2012ರಲ್ಲಿ ಪ್ಯಾರಿಸ್ ಬಳಿ ನಡೆದ ಪರೀಕ್ಷೆಯಲ್ಲೂ 10 ಹೆಸರಾಂತ ವಾದಕರಲ್ಲಿ 6 ಮಂದಿ ಹೊಸದನ್ನೇ ಆರಿಸಿದರು.

ಹಾಗಾದರೆ ವಾದ್ಯ ಹೇಗಿದ್ದರೂ ನಡೆಯುತ್ತದೆಯೇ? ಇಲ್ಲ. ಅಲ್ಲಿದ್ದವೆಲ್ಲ ಉತ್ತಮ ಪಿಟೀಲುಗಳೇ. ಆ ಮಟ್ಟ ದಾಟಿದ ಮೇಲೆ ಉಳಿಯುವುದು ಹೆಚ್ಚಾಗಿ ಅವರವರ ರುಚಿ.

ಉಳಿದ ಕೆಲಸವೆಲ್ಲ ಕಮಾನಿನ ಕೈಯದು. ರಾಳ ಹಚ್ಚಿದ ಕಮಾನಿನ ಕೂದಲು ತಂತಿಗೆ ಅಂಟಿಕೊಂಡು ಅದನ್ನು ಎಳೆಯುತ್ತದೆ, ತಂತಿ ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ 440 ಕಂಪನದ ಸ್ವರವಾದರೆ ಇದು ಸೆಕೆಂಡಿಗೆ 440 ಸಲ ನಡೆಯಬೇಕು. ಒತ್ತಡ ಕಡಿಮೆಯಾದರೆ ದನಿ ತೆಳ್ಳಗೆ ಸೀಟಿಯಂತಾಗುತ್ತದೆ, ಜಾಸ್ತಿಯಾದರೆ ಕರಕರ ಅನ್ನುತ್ತದೆ. ಕಮಾನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಹತ್ತಿರ ಹೋದಷ್ಟೂ ಈ ಎರಡರ ನಡುವಿನ ಜಾಗ ಕಿರಿದಾಗುತ್ತದೆ.

ಸಿ.ವಿ. ರಾಮನ್ ಕೋಲ್ಕತ್ತದಲ್ಲಿದ್ದಾಗ ಇದನ್ನೇ ಅಳೆಯಲು ಹೊರಟರು. ಕಮಾನನ್ನು ಅಲುಗದಂತೆ ನಿಲ್ಲಿಸಿ, ಪಿಟೀಲನ್ನೇ ಹಿಂದೆ ಮುಂದೆ ಓಡಿಸುವ ಯಂತ್ರ ಕಟ್ಟಿದರು. 1920ರ ಸುಮಾರಿಗೆ ಆ ಪ್ರಯೋಗಗಳು ಪ್ರಕಟವಾದವು. ಬೇಕಾದ ಕನಿಷ್ಠ ಒತ್ತಡ ಎಲ್ಲ ಸ್ವರಕ್ಕೂ ಒಂದೇ ಅಲ್ಲ ಎಂದು ಕಂಡಿತು. ಪಿಟೀಲಿನ ಒಡಲು ಯಾವ ಸ್ವರಕ್ಕೆ ಜೋರಾಗಿ ಅದುರುತ್ತದೋ ಆ ಸ್ವರಕ್ಕೆ ಒತ್ತಡವೂ ಹೆಚ್ಚು ಬೇಕು. ಎಷ್ಟು ಸುಂದರವಾದ ವಿಷಯ ಅಲ್ವಾ! ನುರಿತ ವಾದಕರ ಕೈ ಇದನ್ನು ಲೆಕ್ಕ ಹಾಕದೆಯೇ ಪ್ರತಿ ಸ್ವರಕ್ಕೂ ಹೊಂದಿಸಿಕೊಳ್ಳುತ್ತದೆ. ಪಿಟೀಲು ಬದಲಾದರೂ ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಹೊಸದಾಗಿ ಕಲಿಯುವವರಿಗೆ ಈ ಕೈ ಇನ್ನೂ ಬಂದಿರುವುದಿಲ್ಲ. ಅದಕ್ಕೇ ಕಳಪೆ ವಾದ್ಯದ ಪೆಟ್ಟು ಅವರಿಗೇ ಜಾಸ್ತಿ ಎಂದು ನನ್ನ ನಂಬಿಕೆ. ತಂತಿ ತೀರಾ ಎತ್ತರದಲ್ಲಿದ್ದರೆ ಸ್ವರ ಬಳುಕಿಸುವ ಗಮಕಕ್ಕೆ ಬೆರಳು ಜಾರಿಸುವುದೇ ನೋವಿನ ಕೆಲಸ. ಮಗು ತನಗೇ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ.

ಅಂಗಡಿಯಲ್ಲಿ ಮರದ ಹೊಳಪು ನೋಡಬೇಡಿ. ಬಿರಡೆ ತಿರುಗಿಸಿ ಕೈ ಬಿಡಿ, ನಿಲ್ಲುತ್ತದೆಯೇ ನೋಡಿ. ಗುರುಗಳನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಕುದುರೆ ಎತ್ತರವಿದ್ದರೆ ರಿಪೇರಿ ಮಾಡುವವರು ಅದನ್ನು ಉಜ್ಜಿ ತಗ್ಗಿಸುತ್ತಾರೆ. ಜಾರುವ ಬಿರಡೆಗೆ ಸೀಮೆಸುಣ್ಣ ಹಚ್ಚಿದರೂ ಎಷ್ಟೋ ಹಿಡಿತ ಬರುತ್ತದೆ. ನನ್ನ ಪಿಟೀಲಿಗೆ ಇಷ್ಟನ್ನು ಮಾಡಿಸಿದ್ದು ಎರಡು ವರ್ಷ ಕಳೆದ ಮೇಲೆ. ಆಮೇಲೆ ಮುಂದಿನ ಹಂತದ ಪಾಠಗಳಾದ ವರ್ಣಗಳನ್ನೆಲ್ಲ ಅದರಲ್ಲೇ ಕಲಿತೆ.