ಡೆಕ್ಕೋ ಪ್ಯಾಟಿಯೊವೋ: ಅಳತೆ ಹೊಸ್ತಿಲಿನಿಂದ ಶುರುವಾಗಲಿ

ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವಷ್ಟು ಜಾಗ ಬೇಕು ಎನ್ನುವವರು ಸಾಮಾನ್ಯವಾಗಿ ಮೊದಲು ನೋಡುವುದು ಚಿತ್ರಗಳನ್ನು. ಮರ ಇಷ್ಟವಾದರೆ ಡೆಕ್, ಕಲ್ಲುಹಾಸು ಇಷ್ಟವಾದರೆ ಪ್ಯಾಟಿಯೊ. ಆದರೆ ಪ್ಯಾಟಿಯೊ ನೆಲದ ಮೇಲೆ ಮಲಗುವ ಹಾಸು, ಡೆಕ್ ಕಂಬಗಳ ಮೇಲೆ ನಿಲ್ಲುವ ಅಟ್ಟ. ಯಾವುದು ಒಗ್ಗುತ್ತದೆ ಎನ್ನುವುದನ್ನು ನಿಮ್ಮ ನೆಲದ ಮಟ್ಟ ಬಹುಪಾಲು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಆದ್ದರಿಂದ ಮೊದಲು ಮಟ್ಟ ನೋಡಿ. ಮೇಸ್ತ್ರಿಗಳು ಬಳಸುವ ಪಾರದರ್ಶಕ ನೀರಿನ ಟ್ಯೂಬು ಸಾಕು. ನೀರು ತುಂಬಿಸಿ, ಎರಡೂ ತುದಿಗಳನ್ನು ಅಕ್ಕಪಕ್ಕ ಹಿಡಿದು ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆಯೇ ಪರೀಕ್ಷಿಸಿ. ನಿಲ್ಲದಿದ್ದರೆ ಒಳಗೆಲ್ಲೋ ಗಾಳಿಗುಳ್ಳೆ ಇದೆ; ಅದನ್ನು ತೆಗೆಯದೆ ಅಳೆದರೆ ಲೆಕ್ಕವೆಲ್ಲ ತಪ್ಪು. ಆಮೇಲೆ ಒಂದು ತುದಿಯ ನೀರನ್ನು ಹೊಸ್ತಿಲಿನ ಮಟ್ಟಕ್ಕೆ ತಂದು, ಇನ್ನೊಂದು ತುದಿಯನ್ನು ಗೋಡೆಯ ಬುಡದಲ್ಲೊಮ್ಮೆ, ಜಾಗದ ಹೊರ ಅಂಚಿನಲ್ಲೊಮ್ಮೆ ಹಿಡಿದು, ನೀರಿನ ಗೆರೆಯಿಂದ ನೆಲಕ್ಕೆ ಎಷ್ಟು ಎಂದು ಬರೆದುಕೊಳ್ಳಿ. ಮೊದಲನೆಯದು ಹೊಸ್ತಿಲಿನ ಎತ್ತರ, ಎರಡರ ವ್ಯತ್ಯಾಸ ನೆಲದ ಇಳಿತ. ಈ ಎರಡು ಅಂಕಿಗಳಿಲ್ಲದೆ ಯಾರ ಸಲಹೆಯೂ ಸಲಹೆಯಲ್ಲ.

ಗೋಡೆಯುದ್ದಕ್ಕೆ 5 ಮೀಟರ್, ಹೊರಕ್ಕೆ 3 ಮೀಟರ್ ಜಾಗ ಎಂದಿಟ್ಟುಕೊಳ್ಳಿ. ನೀರು ಹರಿದುಹೋಗಲು ಪ್ಯಾಟಿಯೊಗೆ ಗೋಡೆಯಿಂದ ಹೊರಕ್ಕೆ ವಾಟ (ಇಳಿಜಾರು) ಬೇಕು: ಮೀಟರಿಗೆ 2 ಸೆಂ.ಮೀ., ಅಂದರೆ 3 ಮೀಟರಿಗೆ 6 ಸೆಂ.ಮೀ. ನೆಲ ಅದಕ್ಕಿಂತ ಹೆಚ್ಚು, ಒಟ್ಟು 25–30 ಸೆಂ.ಮೀ.ವರೆಗೆ ಇಳಿದಿದ್ದರೂ ಒಂದು ಕಡೆ ಅಗೆದು, ಇನ್ನೊಂದು ಕಡೆ ಏರಿಸಿ ಸರಿದೂಗಿಸಬಹುದು. 60 ಸೆಂ.ಮೀ. ದಾಟಿದರೆ ತಡೆಗೋಡೆ, ಅದರ ಹಿಂದೆ ಭರ್ತಿ, ಭರ್ತಿಯೊಳಗಿನ ನೀರಿಗೆ ದಾರಿ, ಇಷ್ಟೂ ಬೇಕು. ಆಗ ನೀವು ಮಾಡಿಸುತ್ತಿರುವುದು ಗೋಡೆಯ ಕೆಲಸ; ಪ್ಯಾಟಿಯೊ ಬರೀ ನೆಪ. ಅಂಥ ಕಡೆ ಡೆಕ್ಕಿಗೆ ಹೊರಗಿನ ಕಂಬಗಳನ್ನು ಉದ್ದ ಮಾಡಿದರೆ ಮುಗಿಯಿತು.

ಇದರ ತಿರುವು ಮುರುವು ಪ್ರಸಂಗವೇ ಹೆಚ್ಚು ಜನರನ್ನು ಕೆಡಿಸುವುದು. ಹೊಸ್ತಿಲು ನೆಲದಿಂದ ಬರೀ 20 ಸೆಂ.ಮೀ. ಮೇಲಿದೆ, ಆದರೂ ಡೆಕ್ ಬೇಕು. ಹಲಗೆ 2.5, ಅದರ ಕೆಳಗಿನ ಜಂತೆ 18, ಜಂತೆ ಹೊರುವ ತೊಲೆ 18: ಒಟ್ಟು 38.5 ಸೆಂ.ಮೀ. ಜಂತೆಗಳನ್ನು ತೊಲೆಯ ಮೇಲಿಡದೆ ಪಕ್ಕಕ್ಕೆ ತೂಗುಹಾಕಿದರೂ 20.5. ಗಾಳಿಗೆ ಜಾಗವೇ ಉಳಿಯಲಿಲ್ಲ. ಗುಂಡಿ ತೋಡಿ ಇಳಿಸಿದರೆ ಮಳೆನೀರು ಅಲ್ಲೇ ನಿಂತು, ಮೇಲೆ ಚೆನ್ನಾಗಿ ಕಾಣುತ್ತಿರುವ ಮರ ಕೆಳಗಿನಿಂದ ಕೊಳೆಯುತ್ತದೆ. ಇಂಥ ಜಾಗಕ್ಕೆ ಪ್ಯಾಟಿಯೊನೇ ಸರಿ. ಅದರ ಮೇಲ್ಮೈ ಮಾತ್ರ ಮನೆಯ ಗೋಡೆಯೊಳಗಿನ ತೇವತಡೆ ಪದರಕ್ಕಿಂತ 15 ಸೆಂ.ಮೀ. ಕೆಳಗಿರಲಿ.

ಪ್ಯಾಟಿಯೊ ಕೆಲಸದಲ್ಲಿ ಕಣ್ಣಿಗೆ ಕಾಣದ ಭಾಗವೇ ಮುಖ್ಯ. ಓಡಾಟಕ್ಕೆ ಮಾತ್ರವಾದರೆ 6 ಸೆಂ.ಮೀ. ದಪ್ಪದ ಪೇವರ್ (ನೆಲಕ್ಕೆ ಹಾಸುವ ಬ್ಲಾಕು), ಅದರಡಿ 2.5 ಸೆಂ.ಮೀ. ದಪ್ಪ ಮರಳು, ಅದರಡಿ 10 ಸೆಂ.ಮೀ. ದಮ್ಮಸ್ಸು ಮಾಡಿದ (ಬಡಿದು ಬಿಗಿಗೊಳಿಸಿದ) ಜಲ್ಲಿ. ಎರೆಮಣ್ಣಾದರೆ ಜಲ್ಲಿ 15 ಸೆಂ.ಮೀ. ಇರಲಿ, ಆ ಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. 10 ಸೆಂ.ಮೀ. ಜಲ್ಲಿಯ ಲೆಕ್ಕದಲ್ಲಿ 15 ಚದರ ಮೀಟರಿಗೆ ಅಗೆಯಬೇಕಾದ ಮಣ್ಣು ಸುಮಾರು 2.8 ಘನ ಮೀಟರ್. ಅಗೆದ ಮಣ್ಣು ಅರಳಿ 3.5ರ ಹತ್ತಿರ ಬರುತ್ತದೆ. ಅದನ್ನು ಎಲ್ಲಿಗೆ ಹಾಕುವುದು ಎಂದು ಮೊದಲೇ ಯೋಚಿಸಿ. ಜಲ್ಲಿ ದಮ್ಮಸ್ಸಾದ ಮೇಲೆ 1.5 ಘನ ಮೀಟರ್ ಆಗಬೇಕಾದರೆ ತರಿಸುವುದು 1.9. ಮರಳು 0.4 ಸಾಕು.

ಜಲ್ಲಿಯನ್ನು ಒಂದೇ ಸಲ ಸುರಿದು ಮೇಲೆ ಯಂತ್ರ ಓಡಿಸಿದರೆ ಮೇಲಿನ ಭಾಗ ಮಾತ್ರ ಬಿಗಿಯಾಗುತ್ತದೆ. 5 ಸೆಂ.ಮೀ. ಪದರಗಳಲ್ಲಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಮ್ಮಸ್ಸು ಕೊಡಬೇಕು. ವಾಟವನ್ನು ಇಲ್ಲೇ, ಜಲ್ಲಿಯಲ್ಲೇ ಕೊಟ್ಟುಬಿಡಬೇಕು. ಇಲ್ಲಿ ತಗ್ಗು ಬಿಟ್ಟು “ಮರಳಲ್ಲಿ ಸರಿಮಾಡೋಣ” ಎನ್ನುವವರ ಕೆಲಸವನ್ನು ಒಂದು ಮಳೆಗಾಲ ಕಳೆದ ಮೇಲೆ ನೋಡಿ. ತಗ್ಗಿನ ಕಡೆ ಮರಳು 5–6 ಸೆಂ.ಮೀ. ಇರುತ್ತದೆ, ಅದು ಕುಸಿಯುತ್ತದೆ, ಮೇಲೆ ತಟ್ಟೆಯಂತೆ ನೀರು ನಿಲ್ಲುತ್ತದೆ. ಮರಳಿನ ಪದರ ಎಲ್ಲ ಕಡೆ ಒಂದೇ ದಪ್ಪ ಬರಲು 2.5 ಸೆಂ.ಮೀ. ವ್ಯಾಸದ ಎರಡು ಪೈಪು ಮಲಗಿಸಿ, ಅವುಗಳ ಮೇಲೆ ಮಟ್ಟಗೋಲು ಎಳೆಯಿರಿ. ಆಮೇಲೆ ಪೈಪು ತೆಗೆದು, ಆ ಗೀರುಗಳನ್ನು ತುಂಬಿ. ಅದರ ಮೇಲೆ ಕಾಲಿಡಬೇಡಿ.

ಪ್ಯಾಟಿಯೊ ಕುಸಿಯುವ ಇನ್ನೊಂದು ಜಾಗ ಗೋಡೆಯ ಪಕ್ಕದ ಅರ್ಧ ಮೀಟರ್. ಮನೆಯ ಪಾಯ ಹಾಕಿದ ಮೇಲೆ ಅಲ್ಲಿ ಮಣ್ಣು ತುಂಬಿರುತ್ತಾರೆ, ದಮ್ಮಸ್ಸು ಮಾಡಿರುವುದಿಲ್ಲ. ಅಲ್ಲಿ ಇಳಿದರೆ ವಾಟ ತಿರುಗಿ ನೀರು ಗೋಡೆಗೇ ಹರಿಯುತ್ತದೆ. ಮೂರೂ ಹೊರ ಅಂಚುಗಳಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ಅಂಚುಕಲ್ಲು ಇರಲಿ; ಇಲ್ಲದಿದ್ದರೆ ಕೊನೆಯ ಸಾಲು ಹೊರಕ್ಕೆ ಸರಿದು, ಒಳಗಿನ ಸಂದುಗಳೆಲ್ಲ ಬಾಯಿ ಬಿಡುತ್ತವೆ.

ಇನ್ನು ಡೆಕ್. ಬಳಕೆಯ ಭಾರಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೊ ಎಂದು ಲೆಕ್ಕ ಹಿಡಿಯುವುದು ರೂಢಿ. ನಮ್ಮ 15 ಚದರ ಮೀಟರಿಗೆ ಅದು 3 ಟನ್. ಜಂತೆಗಳ ಒಂದು ತುದಿ ಗೋಡೆಗೆ ಬಿಗಿದ ಪಟ್ಟಿಯ ಮೇಲೆ, ಇನ್ನೊಂದು ತುದಿ ಹೊರಗಿನ ತೊಲೆಯ ಮೇಲೆ ಕೂತರೆ ಒಂದೂವರೆ ಟನ್ ಆ ಪಟ್ಟಿಗೇ ನೇತುಬೀಳುತ್ತದೆ. ಡೆಕ್ ಕುಸಿದ ಕಡೆಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ ಇದೇ: ಪಟ್ಟಿಯನ್ನು ಮೊಳೆಯಲ್ಲಿ ಹೊಡೆದಿರುವುದು, ಅದರ ಹಿಂದೆ ನೀರಿಳಿದು ಮರ ಕೊಳೆತಿರುವುದು. ಬೋಲ್ಟ್ ಬೇಕು, ಮೇಲೆ ನೀರು ಹೊರಕ್ಕೆ ಜಾರುವಂತೆ ಮಡಿಸಿದ ತಗಡು ಬೇಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಪಟ್ಟಿಯ ಆಸೆಯನ್ನೇ ಬಿಡಿ. ಗೋಡೆಯ ಪಕ್ಕ ಇನ್ನೊಂದು ಸಾಲು ಕಂಬ ನಿಲ್ಲಿಸಿ ಡೆಕ್ಕನ್ನು ಮನೆಗೆ ತಾಗಿಸದೆ ಕಟ್ಟುವುದು ನನ್ನ ಲೆಕ್ಕದಲ್ಲಿ ಯಾವಾಗಲೂ ನೆಮ್ಮದಿ.

ಕಂಬದ ಬುಡವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ. ಕಂಬ ಹೊರುವ ಲೋಹದ ಪೀಠದ ಮೇಲೆ, ಕಾಂಕ್ರೀಟಿನಿಂದ 2–3 ಸೆಂ.ಮೀ. ಮೇಲೆ ಕೂರಿಸಿ. ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ. ಜಂತೆಗಳ ನಡುವೆ 40 ಸೆಂ.ಮೀ. ಅಂತರವಾದರೆ 14 ಜಂತೆ. 14 ಸೆಂ.ಮೀ. ಅಗಲದ ಹಲಗೆಗಳನ್ನು 5 ಮಿ.ಮೀ. ಸಂದು ಬಿಟ್ಟು ಹಾಸಿದರೆ 21 ಸಾಲು. ಪ್ರತಿ ಜಂತೆಯ ಮೇಲೂ ಎರಡೆರಡು ಸ್ಕ್ರೂ, ಹತ್ತಿರ ಹತ್ತಿರ 600. ತಾಮ್ರದ ಅಂಶವಿರುವ ರಾಸಾಯನಿಕದಿಂದ ಸಂಸ್ಕರಿಸಿದ ಮರ ಸಾದಾ ಉಕ್ಕನ್ನು ತಿನ್ನುತ್ತದೆ, ಹಾಗಾಗಿ ದಪ್ಪ ಸತುವಿನ ಲೇಪದ್ದೋ ಸ್ಟೇನ್‌ಲೆಸ್ಸೋ ಆಗಲಿ. ಹಸಿ ಮರವಾದರೆ ಸಂದು ಬಿಡದೆ ಹಾಸಿ, ಒಣಗಿದಾಗ ತಾನಾಗಿ ಬಿಡುತ್ತದೆ.

ಆರೈಕೆಯ ವಿಷಯ ಸರಳ. ಡೆಕ್ಕಿನ ಮೇಲೆ ನೀರು ಚಿಮುಕಿಸಿ. ಹನಿ ನಿಲ್ಲದೆ ಮರ ಹೀರಿಕೊಂಡರೆ ಎಣ್ಣೆ ಬಳಿಯುವ ಹೊತ್ತಾಯಿತು. ಪ್ಯಾಟಿಯೊಗೆ ಸಂದಿನ ಮರಳು ಆಗಾಗ ತುಂಬಿಸಿ, ಕಳೆ ಕಿತ್ತರೆ ಸಾಕು. ನೆರಳಿನಲ್ಲಿ ಎರಡೂ ಪಾಚಿಗಟ್ಟುತ್ತವೆ, ಜಾರುವುದು ಮಾತ್ರ ಮರವೇ ಹೆಚ್ಚು.

ದೊಡ್ಡ ಮರದ ಕೆಳಗಿನ ಜಾಗವಾದರೆ ಮಟ್ಟ ಏನೇ ಹೇಳಲಿ, ಮತ್ತೊಮ್ಮೆ ಯೋಚಿಸಿ. ಪ್ಯಾಟಿಯೊಗೆ ಅಗೆಯುವುದೆಂದರೆ ಬೇರು ಕಡಿಯುವುದು. ಡೆಕ್ಕಿಗೆ ಬೇರು ತಪ್ಪಿಸಿ ಕೆಲವು ಗುಂಡಿ ತೆಗೆದರಾಯಿತು. ಕೆಳಗೆ ಒಳಚರಂಡಿ ಪೈಪು ಹೋಗಿದ್ದರೆ ಪೇವರ್ ವಾಸಿ, ಬಿಚ್ಚಿ ಮತ್ತೆ ಹಾಸಬಹುದು.

ನೆಲ 30ಕ್ಕೂ 60ಕ್ಕೂ ನಡುವೆ ಇಳಿದಿದ್ದು, ಹೊಸ್ತಿಲೂ ಎತ್ತರದಲ್ಲಿದ್ದರೆ ಎರಡನ್ನೂ ಬೆರೆಸಿ: ಬಾಗಿಲ ಮುಂದೆ ಒಂದೂವರೆ ಮೀಟರಿನ ಪುಟ್ಟ ಡೆಕ್, ಅಲ್ಲಿಂದ 15–17 ಸೆಂ.ಮೀ. ಎತ್ತರದ ಮೆಟ್ಟಿಲು, ಕೆಳಗೆ ಪ್ಯಾಟಿಯೊ. ಆ ಮೆಟ್ಟಿಲಿನ ಬುಡವನ್ನು ಪೇವರ್ ಮೇಲೆ ಇಡಬೇಡಿ, ಅದಕ್ಕೆ ಬೇರೆಯೇ ಕಾಂಕ್ರೀಟ್ ಪಾದ ಹಾಕಿ. ಮರಳಿನ ಮೇಲಿನ ಪೇವರ್ ಸ್ವಲ್ಪ ಇಳಿದರೆ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಅಷ್ಟರಲ್ಲೇ ಇಡೀ ಮೆಟ್ಟಿಲು ಮುಂದಕ್ಕೆ ವಾಲಿ ಡೆಕ್ಕಿಗೆ ಬಿಗಿದ ಕಡೆ ಜಗ್ಗತೊಡಗುತ್ತದೆ.