ಅಪ್‌ಡೇಟ್ ಆದಮೇಲೆ ವೈರ್‌ಲೆಸ್ ಕೀಬೋರ್ಡ್ ಸುಮ್ಮನಾಗಿಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ: ರಾತ್ರಿ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗಿದೆ. ಬೆಳಿಗ್ಗೆ ನೋಡಿದರೆ ವೈರ್‌ಲೆಸ್ ಕೀಬೋರ್ಡ್‌ನಲ್ಲಿ ಒಂದಕ್ಷರವೂ ಮೂಡುತ್ತಿಲ್ಲ. ಮೌಸ್ ಸರಿಯಾಗಿದೆ. ಪಾಸ್‌ವರ್ಡ್ ಹಾಕಲೂ ಆಗದೆ ಲಾಗಿನ್ ಪರದೆಯಲ್ಲೇ ಸಿಕ್ಕಿಕೊಂಡಿದ್ದೇನೆ. ಹೊಸ ಕೀಬೋರ್ಡ್ ತಗೋಬೇಕಾ? ಇಲ್ಲ ಅಪ್‌ಡೇಟನ್ನೇ ಕಿತ್ತುಹಾಕಬೇಕಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಒಳಗೆ ಹೋಗೋಣ. ವಿಂಡೋಸ್ ಲಾಗಿನ್ ಪರದೆಯ ಕೆಳಗೆ, ಬಲಮೂಲೆಯಲ್ಲಿ ಆಕ್ಸೆಸಿಬಿಲಿಟಿಯ ಸಣ್ಣ ಗುರುತು ಇರುತ್ತದೆ. ವಿಂಡೋಸ್ 11ರಲ್ಲಿ ಅದು ಮನುಷ್ಯನ ಆಕೃತಿ. ಅದನ್ನು ಒತ್ತಿ ‘ಆನ್-ಸ್ಕ್ರೀನ್ ಕೀಬೋರ್ಡ್’ ಆನ್ ಮಾಡಿ. ಪರದೆಯ ಮೇಲೆಯೇ ಕೀಬೋರ್ಡ್ ಬರುತ್ತದೆ, ಮೌಸ್‌ನಿಂದ ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ಹಾಕಬಹುದು. ಮ್ಯಾಕ್‌ನಲ್ಲೂ ಇಂಥದ್ದೇ ಕೀಬೋರ್ಡ್ ಇದೆ, ಅಲ್ಲಿಯೂ ಆಕ್ಸೆಸಿಬಿಲಿಟಿಯಲ್ಲೇ ಹುಡುಕಬೇಕು. ಮೌಸ್ ಕೂಡ ಸತ್ತಿದ್ದರೆ ಯಾರ ಹತ್ತಿರವಾದರೂ ತಂತಿಯ ಕೀಬೋರ್ಡ್ ಒಂದನ್ನು ಎರವಲು ತನ್ನಿ. ಬೇರೆ ಸುಲಭದ ದಾರಿ ಇಲ್ಲ.

ಒಳಗೆ ಹೋದ ತಕ್ಷಣ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ), ಸೆಟ್ಟಿಂಗ್ಸ್ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸಲು ಹೋಗಬೇಡಿ. ಐದು ಕಡೆ ಕೈಹಾಕಿದರೆ ಯಾವುದರಿಂದ ಸರಿಹೋಯ್ತು ಅಂತಲೂ ಗೊತ್ತಾಗುವುದಿಲ್ಲ, ಯಾವುದರಿಂದ ಇನ್ನಷ್ಟು ಕೆಟ್ಟಿತು ಅಂತಲೂ ಗೊತ್ತಾಗುವುದಿಲ್ಲ. ಕೊಂಡಿ ಎಲ್ಲಿ ತಪ್ಪಿದೆ ಅನ್ನೋದನ್ನು ಮೊದಲು ಪತ್ತೆ ಮಾಡಬೇಕು. ಅದಕ್ಕೆ ನಿಮ್ಮ ಕೀಬೋರ್ಡ್ ಯಾವ ಜಾತಿಯದು ಅಂತ ತಿಳಿದಿರಬೇಕು. ಕಂಪ್ಯೂಟರ್‌ನ ಯುಎಸ್‌ಬಿ ಪೋರ್ಟ್‌ಗೆ ಉಗುರಿನಷ್ಟು ಚಿಕ್ಕ ಡಾಂಗಲ್ ಸಿಕ್ಕಿಸಿದ್ದೀರಾ? ಅಥವಾ ಏನೂ ಸಿಕ್ಕಿಸದೆ ಬ್ಲೂಟೂತ್‌ನಲ್ಲಿ ಪೇರ್ ಮಾಡಿದ್ದೀರಾ? ಎರಡೂ ವೈರ್‌ಲೆಸ್ಸೇ. ಆದರೆ ಕೆಡುವ ರೀತಿ ಬೇರೆ.

ಡಾಂಗಲ್ ಇರುವ ಕೀಬೋರ್ಡ್‌ನಲ್ಲಿ ರೇಡಿಯೋ ಮಾತುಕತೆ ಕೀಬೋರ್ಡ್ ಮತ್ತು ಡಾಂಗಲ್ ನಡುವೆಯೇ ಮುಗಿದುಹೋಗುತ್ತದೆ. ಕಂಪ್ಯೂಟರ್‌ಗೆ ಅದು ವೈರ್‌ಲೆಸ್ ಅಂತಲೇ ಗೊತ್ತಿರುವುದಿಲ್ಲ, ಯಾವುದೋ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಅಂದುಕೊಳ್ಳುತ್ತದೆ. ಹಾಗಾಗಿ ವಿಂಡೋಸ್ ಶುರುವಾಗುವ ಮೊದಲೇ, ಬಯೋಸ್ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ಸ್) ಪರದೆಯಲ್ಲೂ ಇದು ಕೆಲಸ ಮಾಡಬೇಕು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಂಪ್ಯೂಟರ್ ಆಫ್ ಮಾಡಿ, ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀಲಿಯನ್ನು ಬಿಡದೆ ತಟ್ಟುತ್ತಿರಿ (ಕಂಪನಿಯಿಂದ ಕಂಪನಿಗೆ ಕೀಲಿ ಬದಲಾಗುತ್ತದೆ). ಬಯೋಸ್ ತೆರೆದು, ಬಾಣದ ಗುರುತಿನ ಕೀಲಿ ಒತ್ತಿದಾಗ ಆಯ್ಕೆ ಮೇಲೆ ಕೆಳಗೆ ಸರಿಯಿತಾ? ಹಾಗಾದರೆ ಬ್ಯಾಟರಿ, ಕೀಬೋರ್ಡ್, ಡಾಂಗಲ್ ಮೂರೂ ಚೆನ್ನಾಗಿವೆ. ತೊಂದರೆ ಇರುವುದು ವಿಂಡೋಸ್ ಒಳಗೆ.

ಬಯೋಸ್ ತೆರೆಯಲೇ ಇಲ್ಲ ಅಂದರೆ ಕೀಬೋರ್ಡ್ ಸತ್ತಿದೆ ಅಂತ ಆಗಲೇ ತೀರ್ಮಾನಿಸಬೇಡಿ. ಕೆಲವು ಕಂಪ್ಯೂಟರ್‌ಗಳಲ್ಲಿ ‘ಫಾಸ್ಟ್ ಬೂಟ್’ ಆನ್ ಇದ್ದರೆ ಶುರುವಿನಲ್ಲಿ ಯುಎಸ್‌ಬಿ ಸಾಧನಗಳನ್ನು ಹುಡುಕುವುದೇ ಇಲ್ಲ. ಆಗ ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ, ‘ಅಡ್ವಾನ್ಸ್ಡ್ ಸ್ಟಾರ್ಟಪ್’ ಮೂಲಕ ಮೌಸ್‌ನಲ್ಲೇ ಬಯೋಸ್‌ಗೆ ತಲುಪಬಹುದು. ಈ ದಾರಿಯಲ್ಲೊಂದು ಹಳ್ಳ ಇತ್ತು ಅನ್ನೋದನ್ನೂ ಹೇಳಿಬಿಡುತ್ತೇನೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ಕೆಬಿ5066835 ಅಪ್‌ಡೇಟ್ ಹಾಕಿಕೊಂಡವರಿಗೆ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೈಕೊಟ್ಟವು. ವಿಂಡೋಸ್ ಒಳಗೆ ಎಲ್ಲ ಸರಿ, ರಿಪೇರಿಗೆಂದು ಹೋದ ಜಾಗದಲ್ಲಿ ಮಾತ್ರ ಏನೂ ಅಲುಗಾಡುತ್ತಿರಲಿಲ್ಲ! ಆರು ದಿನದ ನಂತರ ಮೈಕ್ರೋಸಾಫ್ಟ್ ಕೆಬಿ5070773 ಅನ್ನೋ ತುರ್ತು ಅಪ್‌ಡೇಟ್ ಬಿಟ್ಟು ಸರಿಮಾಡಿತು. ಅಂದರೆ ಅಪ್‌ಡೇಟ್‌ನಿಂದ ಕೆಟ್ಟದ್ದಕ್ಕೆ ಕೆಲವೊಮ್ಮೆ ಇನ್ನೊಂದು ಅಪ್‌ಡೇಟೇ ಮದ್ದು. ವಿಂಡೋಸ್ ಅಪ್‌ಡೇಟ್ ಪುಟ ತೆರೆದು ಹೊಸದೇನಾದರೂ ಕಾದಿದೆಯಾ ಅಂತ ನೋಡುವುದಕ್ಕೆ ಒಂದು ನಿಮಿಷ ಸಾಕು.

ಬಯೋಸ್‌ನಲ್ಲೂ ಕೀಬೋರ್ಡ್ ಏಳಲಿಲ್ಲ, ಫಾಸ್ಟ್ ಬೂಟ್ ಗಲಾಟೆಯೂ ಇಲ್ಲ ಅಂದರೆ ಅಪ್‌ಡೇಟನ್ನು ಬೈಯುವುದು ಬಿಡಿ. ಬ್ಯಾಟರಿ ಬದಲಿಸಿ, ಅಡಿಯ ಸ್ವಿಚ್ ನೋಡಿ, ಡಾಂಗಲ್ಲನ್ನು ಬೇರೆ ಪೋರ್ಟ್‌ಗೆ ಹಾಕಿ.

ಪೋರ್ಟ್ ಬದಲಿಸುವುದು ಸುಮ್ನೆ ಹೇಳುವ ಮಾತಲ್ಲ. ಎಷ್ಟೋ ಡಾಂಗಲ್‌ಗಳನ್ನು ಬೇರೆ ಪೋರ್ಟ್‌ಗೆ ಹಾಕಿದಾಗ ವಿಂಡೋಸ್ ಹೊಸ ಸಾಧನ ಬಂತು ಅಂದುಕೊಂಡು ಡ್ರೈವರನ್ನು ಮೊದಲಿನಿಂದ ಹೊಂದಿಸುತ್ತದೆ. ಅಷ್ಟರಲ್ಲೇ ಕೆಲವರ ತೊಂದರೆ ಮುಗಿಯುತ್ತದೆ. ಆದರೆ ಯುಎಸ್‌ಬಿ 3.0 ಪೋರ್ಟ್‌ನಲ್ಲಿ ಹಾರ್ಡ್ ಡಿಸ್ಕ್ ಚುಚ್ಚಿದ್ದರೆ ಅದರ ಪಕ್ಕಕ್ಕೆ ಹಾಕಬೇಡಿ. ಯುಎಸ್‌ಬಿ 3.0 ಹೊರಸೂಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲೂ ಹರಡಿರುತ್ತದೆ, ನಿಮ್ಮ ಕೀಬೋರ್ಡ್ ಮಾತಾಡುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಬರೆದಿಟ್ಟಿದೆ. ಅಕ್ಷರಗಳು ಆಗಾಗ ಬಿಟ್ಟುಹೋಗುತ್ತಿದ್ದರೆ ಡಾಂಗಲ್ಲನ್ನು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಡಿ.

ಇನ್ನು ಕೀಬೋರ್ಡ್ ಮೊದಲು ಕೆಲಸ ಮಾಡಿ, ಸ್ವಲ್ಪ ಹೊತ್ತು ಕೈ ಬಿಟ್ಟರೆ ಸಾಯುತ್ತದಾ? ಇದರ ಕಾರಣ ಹೆಚ್ಚಾಗಿ ವಿದ್ಯುತ್ ಉಳಿತಾಯ. ಅಪ್‌ಡೇಟ್ ಜತೆ ಹೊಸ ಡ್ರೈವರ್ ಬಂದಾಗ ನೀವು ಹಿಂದೆ ಬದಲಿಸಿದ್ದ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗಿರಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಯುಎಸ್‌ಬಿ ರೂಟ್ ಹಬ್’ನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇರುತ್ತದೆ. ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಬ್ಲೂಟೂತ್ ಅಡಾಪ್ಟರ್‌ಗೂ ಇದೇ ಟಿಕ್ ಇದ್ದರೆ ಅದನ್ನೂ ತೆಗೆಯಿರಿ.

ಬ್ಲೂಟೂತ್ ಕೀಬೋರ್ಡ್ ಕಥೆ ಬೇರೆ. ಇಲ್ಲಿ ಎಲ್ಲವೂ ವಿಂಡೋಸ್ ಅಥವಾ ಮ್ಯಾಕ್‌ನ ಕೈಯಲ್ಲೇ ಇದೆ, ಅದಕ್ಕೇ ಅಪ್‌ಡೇಟ್ ಏಟು ಇದಕ್ಕೆ ಜಾಸ್ತಿ. ಪೇರ್ ಮಾಡುವಾಗ ಎರಡೂ ಕಡೆ ಒಂದೇ ಗುಟ್ಟಿನ ಸಂಖ್ಯೆ ಉಳಿದುಕೊಳ್ಳುತ್ತದೆ. ಒಂದು ಕಡೆ ಅದು ಅಳಿಸಿಹೋದರೆ, ಬೀಗ ಬದಲಾದ ಮನೆಗೆ ಹಳೇ ಕೀಲಿಕೈ ಹಿಡಿದು ಬಂದ ಹಾಗೆ. ಪಟ್ಟಿಯಲ್ಲಿ ಕೀಬೋರ್ಡ್ ಹೆಸರು ‘ಪೇರ್ಡ್’ ಅಂತಲೇ ಕಾಣುತ್ತದೆ, ಒಂದಕ್ಷರ ಮಾತ್ರ ಬರುವುದಿಲ್ಲ. ಜನ ಎಡವುವುದು ಇಲ್ಲೇ. ಬ್ಲೂಟೂತ್ ಆಫ್-ಆನ್ ಮಾಡುತ್ತಾ ಕೂತರೆ ಪ್ರಯೋಜನವಿಲ್ಲ. ‘ರಿಮೂವ್ ಡಿವೈಸ್’ ಒತ್ತಿ ಹಳೆಯ ನಂಟನ್ನು ಪೂರ್ತಿ ಅಳಿಸಿ. ಆಮೇಲೆ ಕೀಬೋರ್ಡ್‌ನ ಪೇರಿಂಗ್ ಕೀಲಿಯನ್ನು ದೀಪ ಬೇಗಬೇಗ ಮಿನುಗುವ ತನಕ ಒತ್ತಿಹಿಡಿದು ಹೊಸದಾಗಿ ಪೇರ್ ಮಾಡಿ. ಪರದೆಯಲ್ಲಿ ಆರು ಅಂಕಿ ಬಂದರೆ ಅದನ್ನು ಅದೇ ಕೀಬೋರ್ಡ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಒತ್ತಿದ್ದು ಬೇರೆ ಎಲ್ಲೂ ಮೂಡುವುದಿಲ್ಲವಾದ್ದರಿಂದ ಇದು ಕೆಲಸ ಮಾಡ್ತಿಲ್ಲ ಅಂತ ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಕಣ್ಣುಮುಚ್ಚಿ ಒತ್ತಿ ಮುಗಿಸಿ.

ಎರಡು ಮೂರು ಸಾಧನಗಳಿಗೆ ಹೊಂದುವ ಕೀಬೋರ್ಡ್ ಆದರೆ 1, 2, 3 ಚಾನೆಲ್ ಕೀಲಿ ನೋಡಿ. ಕೈತಪ್ಪಿ ಒತ್ತಿದ್ದರೆ ನೀವು ಟೈಪ್ ಮಾಡಿದ್ದೆಲ್ಲ ಫೋನಿಗೆ ಹೋಗುತ್ತಿರಬಹುದು. ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಇನ್ನೊಂದು ತಲೆನೋವು. ಒಂದರಲ್ಲಿ ಹೊಸದಾಗಿ ಪೇರ್ ಮಾಡಿದರೆ ಇನ್ನೊಂದರಲ್ಲಿದ್ದ ನಂಟು ಕಡಿಯುತ್ತದೆ.

ಕೆಲವೊಮ್ಮೆ ಅಪ್‌ಡೇಟ್ ಬೇಕಂತಲೇ ಸಂಪರ್ಕ ನಿಲ್ಲಿಸುತ್ತದೆ. ಬ್ಲೂಟೂತ್‌ನಲ್ಲಿ ಸಿವಿಇ-2023-45866 ಅನ್ನೋ ಲೋಪ 2023ರ ಡಿಸೆಂಬರ್‌ನಲ್ಲಿ ಬಯಲಾಯಿತು. ಹತ್ತಿರದಲ್ಲಿರುವ ಕಳ್ಳ ತಾನೇ ಕೀಬೋರ್ಡ್ ಅಂತ ನಟಿಸಿ, ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಸಾಧನದಲ್ಲಿ ಟೈಪ್ ಮಾಡಬಹುದಿತ್ತು. ಆಂಡ್ರಾಯ್ಡ್, ಆ್ಯಪಲ್, ಲಿನಕ್ಸ್ ಎಲ್ಲದಕ್ಕೂ ಅಪ್‌ಡೇಟ್ ಬಂತು. ಸರಿಯಾಗಿ ಪೇರ್ ಆಗದ ಸಾಧನಗಳನ್ನು ಲಿನಕ್ಸ್ ಆಮೇಲಿಂದ ಒಳಗೆ ಬಿಡುತ್ತಿಲ್ಲ, ಕೆಲವು ಹಳೇ ಗೇಮ್ ಕಂಟ್ರೋಲರ್‌ಗಳು ಹೊರಗೇ ನಿಂತವು. ಇದನ್ನು ಮೊದಲಿನ ಸ್ಥಿತಿಗೆ ತರುವ ಸೆಟ್ಟಿಂಗ್ ಇದೆ. ಆದರೆ ಒಂದು ಹಳೇ ಸಾಧನಕ್ಕೋಸ್ಕರ ಬಾಗಿಲು ತೆರೆದಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಕೀಲಿಯನ್ನು ಜಾಸ್ತಿ ಹೊತ್ತು ಒತ್ತಿಹಿಡಿದರೆ ಮಾತ್ರ ಅಕ್ಷರ ಬರುತ್ತದಾ? ಹಾಗಾದರೆ ಏನೂ ಕೆಟ್ಟಿಲ್ಲ. ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡ್ ಒತ್ತಿಹಿಡಿದರೆ ವಿಂಡೋಸ್‌ನಲ್ಲಿ ‘ಫಿಲ್ಟರ್ ಕೀಸ್’ ಕೇಳಿಕೊಂಡು ಬರುತ್ತದೆ. ಗಮನಿಸದೆ ಹೂಂ ಅಂದಿರುತ್ತೀರಿ. ಆಕ್ಸೆಸಿಬಿಲಿಟಿಯಲ್ಲಿ ಅದನ್ನು ಆಫ್ ಮಾಡಿ.

ಇನ್ನೊಂದು: ‘ಶಟ್ ಡೌನ್’ ಮಾಡಿ ಆನ್ ಮಾಡಿದೆ, ಏನೂ ಆಗಲಿಲ್ಲ ಅನ್ನುವವರಿದ್ದಾರೆ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್ ಡೌನ್‌ನಲ್ಲಿ ಸಿಸ್ಟಂ ಪೂರ್ತಿ ಮುಚ್ಚುವುದಿಲ್ಲ. ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿಟ್ಟು, ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಹಾಳಾದ ಸ್ಥಿತಿಯೂ ಹಾಗೇ ವಾಪಸ್ ಬರುತ್ತದೆ. ಹಾಗಾಗಿ ‘ರೀಸ್ಟಾರ್ಟ್’ ಒತ್ತಿ.

ಇಷ್ಟಾದರೂ ಆಗಲಿಲ್ಲ ಅಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡನ್ನೋ ಬ್ಲೂಟೂತ್ ಅಡಾಪ್ಟರನ್ನೋ ‘ಅನ್‌ಇನ್‌ಸ್ಟಾಲ್’ ಮಾಡಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ಅದನ್ನು ಮತ್ತೆ ಹೊಂದಿಸಿಕೊಳ್ಳುತ್ತದೆ. ಬ್ಲೂಟೂತ್ ಮೌಸ್‌ನಿಂದಲೇ ಇದನ್ನು ಮಾಡುತ್ತಿದ್ದರೆ ತಡೆಯಿರಿ, ಅಡಾಪ್ಟರ್ ತೆಗೆದ ಕ್ಷಣ ಅದೂ ನಿಲ್ಲುತ್ತದೆ. ಅದೂ ಆಗದಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಬಟನ್ ಮಂಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಅಂತ ಅರ್ಥ, ಕಂಪ್ಯೂಟರ್ ತಯಾರಕರ ಪುಟದಿಂದ ಇಳಿಸಿಕೊಳ್ಳಿ. ಅಪ್‌ಡೇಟನ್ನೇ ತೆಗೆಯುವುದು ಕೊನೆಯ ದಾರಿ, ಯಾಕೆಂದರೆ ಅದರ ಜತೆ ಭದ್ರತೆಯ ತೇಪೆಗಳೂ ಹೋಗುತ್ತವೆ. ‘ಅಪ್‌ಡೇಟ್ ಹಿಸ್ಟರಿ’ಯಲ್ಲಿ ಆ ಆಯ್ಕೆ ಸಿಗುತ್ತದೆ. ವಿಂಡೋಸ್‌ನ ದೊಡ್ಡ ಆವೃತ್ತಿಯೇ ಬದಲಾಗಿದ್ದರೆ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ತೆಗೆದ ಕೂಡಲೇ ‘ಪಾಜ್ ಅಪ್‌ಡೇಟ್ಸ್’ (ಅಪ್‌ಡೇಟ್‌ಗಳನ್ನು ಸ್ವಲ್ಪ ಕಾಲ ತಡೆಯುವ ಆಯ್ಕೆ) ಒತ್ತಿ, ಇಲ್ಲದಿದ್ದರೆ ನಾಳೆ ರಾತ್ರಿ ಅದೇ ಅಪ್‌ಡೇಟ್ ಮತ್ತೆ ಬಂದು ಕೂರುತ್ತದೆ.