ಚಾರ್ಮಾಡಿಯಲ್ಲಿ ಕುಣಿದ ಮುಳ್ಳು

ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ನಮ್ಮ ಹಳೇ ಪೆಟ್ರೋಲ್ ಕಾರಿನ ಟೆಂಪರೇಚರ್ ಮುಳ್ಳು ಅರ್ಧದಲ್ಲಿ ಇರಬೇಕಾದದ್ದು ಮುಕ್ಕಾಲಿಗೆ ಏರಿತು. ನಿಲ್ಲಿಸೋಣ ಅನ್ನುವಷ್ಟರಲ್ಲಿ ನಾಲ್ಕೇ ಸೆಕೆಂಡಿನಲ್ಲಿ ಜರ್ರನೆ ಇಳಿಯಿತು. ಮುಂದಿನ ತಿರುವಿನಲ್ಲಿ ಮತ್ತೆ ಏರಿತು. "ಇಳೀತಲ್ಲ, ಇನ್ನೇನು ಭಯ?" ಅಂದರು ಹಿಂದೆ ಕೂತಿದ್ದ ಮಾವ. ನನಗೆ ಭಯ ಶುರುವಾದದ್ದೇ ಅದು ಇಳಿದದ್ದು ನೋಡಿ.

ಯಾಕೆ ಅಂತ ಲೆಕ್ಕ ಹಾಕೋಣ. ಸಣ್ಣ ಕಾರಿನಲ್ಲಿ ಸುಮಾರು 4 ಲೀಟರ್ ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ ಇರುತ್ತದೆ. ಸುಮ್ನೆ ನೀರು ಅಂತಲೇ ಇಟ್ಟುಕೊಳ್ಳಿ. ಅಷ್ಟು ನೀರು 20 ಡಿಗ್ರಿ ತಣ್ಣಗಾಗಬೇಕಾದರೆ 336 ಕಿಲೋಜೂಲ್ ಶಾಖ ಹೊರಗೆ ಹೋಗಬೇಕು. ನಾಲ್ಕು ಸೆಕೆಂಡಿನಲ್ಲಿ ಹೋಗಬೇಕು ಅಂದರೆ 84 ಕಿಲೋವ್ಯಾಟ್. ನನ್ನ ಕಾರಿನ ಇಂಜಿನ್ನಿನ ಪೂರ್ತಿ ತಾಕತ್ತೇ 50 ಕಿಲೋವ್ಯಾಟ್! ಇಂಜಿನ್ನಿನ ಲೋಹದಲ್ಲಿರುವ ಬಿಸಿಯನ್ನು ನಾನಿನ್ನೂ ಲೆಕ್ಕಕ್ಕೇ ತಂದಿಲ್ಲ. ಹಾಗಾಗಿ ನೀರೆಲ್ಲ ತಣ್ಣಗಾಗಿರಲು ಸಾಧ್ಯವೇ ಇಲ್ಲ. ಬದಲಾದದ್ದು ಬಿಸಿ ಅಳೆದು ಮುಳ್ಳಿಗೆ ತಿಳಿಸುವ ಸೆನ್ಸರಿನ ಅಕ್ಕಪಕ್ಕ ಇದ್ದದ್ದು. ಇಲ್ಲವೇ ವೈರು ಸುಳ್ಳು ಹೇಳುತ್ತಿದೆ.

ಈ ಸೆನ್ಸರ್ ಹೆಬ್ಬೆರಳಿನಷ್ಟಿರುತ್ತದೆ. ಬಿಸಿ ಏರಿದಂತೆ ಅದರ ವಿದ್ಯುತ್ ತಡೆ ಇಳಿಯುತ್ತದೆ. ಎಷ್ಟೋ ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು ಇರುವುದು, 80 ಡಿಗ್ರಿಗೆ ಮುನ್ನೂರರ ಹತ್ತಿರ ಬಂದಿರುತ್ತದೆ. ಪಾಪ, ಅದು ತನಗೆ ತಾಗಿದ್ದರ ಬಿಸಿಯನ್ನಷ್ಟೇ ಹೇಳಬಲ್ಲದು. ನೀರು ತಾಗಿದರೆ ನೀರಿನದು, ಗಾಳಿಗುಳ್ಳೆ ತಾಗಿದರೆ ಗುಳ್ಳೆಯದು.

ಈಗಿನ ಹಲವು ಕಾರುಗಳಲ್ಲಂತೂ ಮುಳ್ಳು ಪೂರ್ತಿ ನಿಜ ಹೇಳುವುದೂ ಇಲ್ಲ. ಕೂಲಂಟ್ 80 ಇದ್ದರೂ 100 ಇದ್ದರೂ ಕಂಪ್ಯೂಟರ್ ಅದನ್ನು ನಡುಮಧ್ಯದಲ್ಲೇ ಹಿಡಿದಿಡುತ್ತದೆ, ಓಡಿಸುವವರಿಗೆ ಗಾಬರಿ ಆಗದಿರಲಿ ಅಂತ. ಅಂಥ ಕಾರಿನಲ್ಲೂ ಮುಳ್ಳು ಅಲ್ಲಾಡಿತು ಅಂದರೆ ವಿಷಯ ಗಂಭೀರ.

ತಿರುವಿನಲ್ಲಿ ಜಾಗ ಸಿಕ್ಕಿತು. ಬದಿಗೆ ಹಾಕಿ, ಎಸಿ ಆಫ್ ಮಾಡಿ ಹೀಟರ್ ಪೂರ್ತಿ ತಿರುಗಿಸಿದೆ. ಮಾವ ನನ್ನ ಮುಖವನ್ನೇ ನೋಡಿದರು. ಹೀಟರಿಗೆ ಬಿಸಿ ಬರುವುದು ಇದೇ ಕೂಲಂಟಿನಿಂದ. ಇಂಜಿನ್ ಕಾದಿದ್ದರೆ ಮುಖಕ್ಕೆ ಬಿಸಿಗಾಳಿ ರಾಚಬೇಕಿತ್ತು. ಬಂದದ್ದು ತಣ್ಣನೆ ಗಾಳಿ. ಮುಳ್ಳು ಮೇಲೆ, ಹೀಟರ್ ತಣ್ಣಗೆ ಅಂದರೆ ಒಂದೋ ಕೂಲಂಟ್ ಕಡಿಮೆಯಾಗಿದೆ, ಇಲ್ಲ ಗಾಳಿ ಕೂತು ದಾರಿ ಕಟ್ಟಿದೆ, ಇಲ್ಲ ವಾಟರ್ ಪಂಪ್ ಕೈಕೊಟ್ಟಿದೆ. ಆಗ ನೆನಪಾಯಿತು. ಹದಿನೈದು ದಿನದ ಹಿಂದೆ ಒಂದು ಗ್ಯಾರೇಜಿನಲ್ಲಿ ಹೋಸ್ ಬದಲಾಯಿಸಿ, ಕೂಲಂಟ್ ಸುರಿದು, ಮುಚ್ಚಳ ಹಾಕಿ ಕೊಟ್ಟಿದ್ದರು. ಒಳಗಿನ ಗಾಳಿ ತೆಗೆದಿರಲಿಲ್ಲ. ಮೆಕ್ಯಾನಿಕ್‌ಗಳು ಇದಕ್ಕೆ ಏರ್ ಲಾಕ್ ಅನ್ನುತ್ತಾರೆ.

ಮುಕ್ಕಾಲು ಗಂಟೆ ಕಾದೆವು. ಬಿಸಿ ಇದ್ದಾಗ ಮುಚ್ಚಳ ತೆಗೆಯಲೇಬಾರದು. ಆ ಮುಚ್ಚಳ ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ಹಿಡಿದಿಟ್ಟಿರುತ್ತದೆ. ಪ್ರೆಶರ್ ಕುಕ್ಕರಿನ ಹಾಗೆ. ಆ ಒತ್ತಡದಲ್ಲಿ ನೀರು ಕುದಿಯಬೇಕಾದರೆ 120 ಡಿಗ್ರಿ ಆಗಬೇಕು. 110ರಲ್ಲಿ ಸುಮ್ಮನಿದ್ದ ನೀರು, ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣಿದ ಮೇಲೆ ನೋಡಿದರೆ ಕೂಲಂಟ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಕುಡಿಯುವ ನೀರಿನ ಬಾಟಲಿಯನ್ನೇ ಸುರಿದು ನಿಧಾನಕ್ಕೆ ಕೊಟ್ಟಿಗೆಹಾರ ಮುಟ್ಟಿ ನೀರುದೋಸೆ ತಿಂದೆವು.

ಮರುದಿನದ ರಿಪೇರಿಗೆ ಖರ್ಚೇ ಇಲ್ಲ ಅನ್ನಬಹುದು. ತಣ್ಣಗಿರುವ ಕಾರಿನ ಮೂತಿಯನ್ನು ಏರಿನ ಕಡೆ ನಿಲ್ಲಿಸಿದೆವು, ಮುಚ್ಚಳವೇ ಎಲ್ಲಕ್ಕಿಂತ ಎತ್ತರದಲ್ಲಿರಲಿ ಅಂತ. ಮುಚ್ಚಳ ತೆಗೆದು, ಹೀಟರ್ ಪೂರ್ತಿ ಇಟ್ಟು ಇಂಜಿನ್ ಚಾಲೂ ಮಾಡಿದ್ದಾಯಿತು. ಗುಳುಗುಳು ಅಂತ ಗುಳ್ಳೆ ಬಂದವು. ಮಟ್ಟ ಇಳಿದಂತೆ ಕೂಲಂಟ್ ಹಾಕುತ್ತಾ ಹೋದೆವು. ಗುಳ್ಳೆ ನಿಂತು ಹೀಟರಿನಿಂದ ಬಿಸಿಗಾಳಿ ಬಂದ ಮೇಲೆ ಮುಚ್ಚಳ ಹಾಕಿ, ಕೂಲಂಟನ್ನು ತಣಿಸುವ ರೇಡಿಯೇಟರಿನ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾದೆವು.

ಎಲ್ಲ ಕಾರಿಗೂ ಇದೇ ಕಾಯಿಲೆ ಅಂತಲ್ಲ. ಮುಳ್ಳು ಯಾವಾಗ ಕುಣಿಯುತ್ತದೆ ಅನ್ನುವುದನ್ನು ನೋಡಬೇಕು. ಟ್ರಾಫಿಕ್‌ನಲ್ಲಿ ಏರಿ, ಗಾಡಿ ಓಡಿದ ಕೂಡಲೇ ಇಳಿದರೆ ಮೊದಲು ಫ್ಯಾನ್ ನೋಡಿ. ಹೆಡ್‌ಲೈಟ್ ಹಾಕಿದ ಕೂಡಲೇ ಹಾರಿದರೆ ಎಲ್ಲೋ ಅರ್ಥಿಂಗ್ ಸಡಿಲವಾಗಿದೆ, ನೀರಿಗೂ ಅದಕ್ಕೂ ಸಂಬಂಧವಿಲ್ಲ. ಗಾಳಿ ಎಷ್ಟು ಸಲ ತೆಗೆದರೂ ಮತ್ತೆ ಗುಳ್ಳೆ ಬರುತ್ತಿದ್ದರೆ ಸಿಲಿಂಡರಿಗೂ ಕೂಲಂಟಿನ ದಾರಿಗೂ ನಡುವೆ ಸೀಲಿನಂತಿರುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಅದಕ್ಕೊಂದು ಸೊಗಸಾದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನ ಹೊಗೆ ಸೋರುತ್ತಿದ್ದರೆ ಅದರ ಕಾರ್ಬನ್ ಡೈಆಕ್ಸೈಡ್‌ನಿಂದ ದ್ರವ ಹಳದಿಯಾಗುತ್ತದೆ.

ಹೈವೇಯಲ್ಲಿ ಮುಳ್ಳು ಕೆಳಗಿಳಿದು ಕೂತರೆ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ಮಾತ್ರ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು, ತೆರೆದೇ ಉಳಿದಿದೆ ಅಂತ. "ಅದನ್ನ ಕಿತ್ತು ಬಿಸಾಕಿ ಸಾರ್, ನಮ್ಮ ಸೆಕೆಗೆ ಅದು ಬೇಡ" ಅನ್ನುವವರು ಊರಿಗೊಬ್ಬರು ಸಿಗುತ್ತಾರೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಇಂಜಿನ್ ತಣ್ಣಗೇ ಓಡಿದರೆ ಕಂಪ್ಯೂಟರ್ ಅದಿನ್ನೂ ಬಿಸಿಯಾಗಿಲ್ಲ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಮೈಲೇಜ್ ಹೋಗುತ್ತದೆ, ಸವೆತವೂ ಜಾಸ್ತಿ.

ಥರ್ಮೋಸ್ಟಾಟ್ ಒಳಗೆ ಬ್ಯಾಟರಿ ಇಲ್ಲ, ವೈರಿಲ್ಲ. ಸಣ್ಣ ಡಬ್ಬಿಯಲ್ಲಿ ಮೇಣ ಇರುತ್ತದೆ, ಅಷ್ಟೇ. ಐಸ್ ಕರಗಿದರೆ ಕುಗ್ಗುತ್ತದೆ, ಮೇಣ ಕರಗಿದರೆ ಹಿಗ್ಗುತ್ತದೆ. ಹಿಗ್ಗಿದ ಮೇಣ ಒಂದು ಕಡ್ಡಿಯನ್ನು ತಳ್ಳಿ ಬಾಗಿಲು ತೆರೆಯುತ್ತದೆ. ತಣಿದಾಗ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ.

ಅನುಮಾನ ಬೇಡ ಅಂತ ನಮ್ಮದನ್ನೂ ಬಿಚ್ಚಿ ಮನೆಗೆ ತಂದೆ. ಅದರ ಮೇಲೆ 82 ಅಂತ ಕೆತ್ತಿತ್ತು. ಹಾಲಿನ ಪಾತ್ರೆಗೆ ನೀರು ತುಂಬಿ, ಅದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ಒಲೆ ಹಚ್ಚಿದೆ. 80ರವರೆಗೆ ಏನೂ ಇಲ್ಲ. 83ಕ್ಕೆ ಕೂದಲೆಳೆ ಸಂದು ಕಾಣಿಸಿತು. 95ಕ್ಕೆ ಬಾಯಿ ಪೂರ್ತಿ ತೆರೆದಿತ್ತು. ಅದರ ತಪ್ಪೇನೂ ಇರಲಿಲ್ಲ. ಕೂಲಂಟಿನಲ್ಲಿರುವ ಗ್ಲೈಕಾಲ್ ವಿಷ, ಹಾಗಾಗಿ ಆ ಹಾಲಿನ ಪಾತ್ರೆ ಮಾತ್ರ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಈಗ ಅದರಲ್ಲಿ ನನ್ನ ಸ್ಪ್ಯಾನರುಗಳಿವೆ.